ಬನ್ನಿ ಹಬ್ಬದ ಸಂಜೆ ನಾನು ಮೂಕನಾದೆ

ನಾನೊಂದು ಕಂಪ್ಯೂಟರ್. ದಾವಣಗೆರೆಯ ಅಂಗಡಿಯೊಂದರಲ್ಲಿ ಅಲ್ಲೊಂದು ಇಲ್ಲೊಂದು ಬಿಡಿಭಾಗ ತಂದು ನನ್ನನ್ನು ಜೋಡಿಸಿದರು. ಮೊದಲು ಟೈಪಿಂಗ್ ಕೇಂದ್ರದಲ್ಲಿ ದುಡಿದೆ. ಆಮೇಲೆ ಭೌತಶಾಸ್ತ್ರದ ನಿವೃತ್ತ ಉಪನ್ಯಾಸಕರಾದ ಚನ್ನವೀರಪ್ಪನವರ ಮನೆ ಸೇರಿದೆ. ಯಜಮಾನರು ನನ್ನನ್ನು ನಡೆಸಲು ಲಿನಕ್ಸ್ ಎಂಬ ತಂತ್ರಾಂಶ ಹಾಕಿದರು. ಕಪ್ಪು ಪರದೆಯ ಮೇಲೆ ಅವರು ಪಟಪಟನೆ ಆಜ್ಞೆ ಬರೆಯುವಾಗ ಓಣಿಯವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಸುಳ್ಳೇಕೆ, ನನಗೂ ಜಂಬವಿತ್ತು.

ಅವರ ಹೆಂಡತಿ ಶಾಂಭವಮ್ಮ ವಚನ ಹಾಡುತ್ತಿದ್ದರು. ಆ ದನಿ ಅಡುಗೆಮನೆ ದಾಟಿದ್ದೇ ಇಲ್ಲ. ಬನ್ನಿ ಹಬ್ಬದ ಸಂಜೆ ಮಹಿಳಾ ಬಳಗವೊಂದು ಇಂಟರ್ನೆಟ್ಟಿನಲ್ಲಿ ಇಟ್ಟುಕೊಂಡಿದ್ದ ಕಾರ್ಯಕ್ರಮಕ್ಕೆ ಅವರನ್ನು ಕರೆದಿದ್ದರು. ನಾಲ್ಕು ಜನರೆದುರು ಹಾಡುವುದು ಜೀವನದಲ್ಲಿ ಅದೇ ಮೊದಲು.

ಹಿಂದಿನ ದಿನ ಆಯುಧಪೂಜೆ. ಯಜಮಾನರು ವೈರುಗಳನ್ನೆಲ್ಲ ಕಿತ್ತು, ನನ್ನ ಮೈ ಒರೆಸಿ, ನೆನೆಸಿದ ವಿಭೂತಿಯನ್ನು ಹಿಂದೆ ಮುಂದೆ ಧಾರಾಳವಾಗಿ ಬಳಿದರು. ಇಂಟರ್ನೆಟ್ ವೈರು ಸಿಕ್ಕಿಸುವ ತೂತಿನೊಳಗೂ ಅದು ತುಂಬಿಕೊಂಡಿತು. ಮರುದಿನ ನೋಡದೆ ಅದರಲ್ಲೇ ವೈರು ಚುಚ್ಚಿದರು.

ಸಂಜೆ ಬನ್ನಿ ಕೊಡಲು ಬಂದ ಓಣಿಯವರು ಹಾಡು ಕೇಳಲೆಂದು ಕೂತರು. ನೆಟ್ ಬರಲಿಲ್ಲ. ವೈರಿನಿಂದ ಏನೂ ಬರುತ್ತಿಲ್ಲ ಎಂದು ನಾನು ಪರದೆಯ ಮೊದಲ ಸಾಲಿನಲ್ಲೇ ತೋರಿಸಿದೆ. ಯಜಮಾನರು ಅದನ್ನು ಓದದೆ ಮುಂದೆ ಹೋದರು. ಡಿಎನ್‌ಎಸ್ ಎಂಬ ನೆಟ್ಟಿನ ವಿಳಾಸ ಬದಲಿಸಿದರು, ನೆಟ್‌ವರ್ಕ್ ಸೇವೆಯನ್ನು ನಿಲ್ಲಿಸಿ ಮತ್ತೆ ಶುರುಮಾಡಿದರು, ನನ್ನನ್ನೇ ಆರಿಸಿ ಹೊತ್ತಿಸಿದರು. ವೈರಿನ ಹತ್ತಿರ ಒಮ್ಮೆ ನೋಡಬಾರದೇ ಎಂದು ಶಾಂಭವಮ್ಮ ಮೆಲ್ಲಗೆ ಕೇಳಿದರು. ಯಜಮಾನರು ಬೆವತು ಹೋಗಿದ್ದರು.

“ನಿನಗೇನು ತಿಳಿತೈತಿ? ನೀನೇ ಏನೋ ಒತ್ತಿ ಕೆಡಿಸಿರ್ತೀ. ಸುಮ್ನೆ ಒಳಗ ಹೋಗು.”

ಶಾಂಭವಮ್ಮ ಒಳಗೆ ಹೋದರು. ಓಣಿಯವರು ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೊರಟರು. ನಾಚಿಕೆಯಿಂದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಎಲ್ಲ ಹೋದ ಮೇಲೆ ಯಜಮಾನರು ವೈರು ಕಿತ್ತರು. ತುದಿಗೆ ವಿಭೂತಿ ಗಟ್ಟಿಯಾಗಿ ಅಂಟಿತ್ತು. ಹಳೆಯ ಬ್ರಷ್ಷಿನಿಂದ ಉಜ್ಜಿ ಸಿಕ್ಕಿಸಿದರು, ಹಸಿರು ದೀಪ ಹತ್ತಿತು. ಆಮೇಲೆ ಅಡುಗೆಮನೆಗೆ ಹೋಗಿ ತಪ್ಪು ತಮ್ಮದೇ ಎಂದರು.

“ಬೈದಿದ್ದು ಎಲ್ಲಾರ ಮುಂದ,” ಅಂದರು ಶಾಂಭವಮ್ಮ. “ತಪ್ಪು ಒಪ್ಪೋದು ಅಡುಗಿ ಮನ್ಯಾಗ ಏನ್ರಿ?”

ಮರುದಿನ ಪಕ್ಕದ ಮನೆಯ ರುದ್ರಮುನಿ ಬಂದು, ನಿನ್ನೆ ಏನಾಗಿತ್ತು ಎಂದು ವಿಚಾರಿಸಿದರು. ಟೀ ತಂದ ಶಾಂಭವಮ್ಮ ಬಾಗಿಲಲ್ಲೇ ನಿಂತರು. ಯಜಮಾನರು ಹೆಂಡತಿಯ ಕಡೆ ಒಮ್ಮೆ ನೋಡಿದರು.

“ಲೈನಿಂದು ಏನೋ ತೊಂದರಿ ಇತ್ರಿ,” ಅಂದರು.

ಶಾಂಭವಮ್ಮ ಟೀ ಇಟ್ಟು ಹೋದರು.

ಈಗ ನಾನು ಹಳತಾಗಿ ಹಿತ್ತಲ ಬಾಗಿಲ ಬಳಿ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದ್ದೇನೆ. ಆ ಬಳಗದವರು ಮತ್ತೆ ಕರೆದಾಗ ಶಾಂಭವಮ್ಮ ಒಲ್ಲೆ ಎಂದರಂತೆ. ಅವತ್ತು ವೈರು ನೋಡಿ ಎಂದು ಅವರು ಹೇಳಿದ್ದನ್ನೇ ನಾನೂ ಹೇಳಿದ್ದೆ. ಇಬ್ಬರ ಮಾತೂ ನಡೆಯಲಿಲ್ಲ. ಶಾಂಭವಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಮಾತ್ರ ಒಮ್ಮೊಮ್ಮೆ ಹಾಡುತ್ತಾರೆ. ಯಜಮಾನರ ಹೆಜ್ಜೆ ಸಪ್ಪಳ ಕೇಳಿದರೆ ಹಾಡು ನಿಲ್ಲುತ್ತದೆ. ಅದಕ್ಕೇ ಯಜಮಾನರು ಹಾಡು ಕೇಳಲು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ನನ್ನ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ, ಸ್ವಂತ ಮನೆಯಲ್ಲಿ ಕಳ್ಳನ ಹಾಗೆ.