ದಾಕ್ಷಾಯಣಿ ಗೆದ್ದ ಆದೇಶ

ದಾಕ್ಷಾಯಣಿಗೆ ಸುಳ್ಳೆಂದರೆ ಮೈಯೆಲ್ಲ ಉರಿಯುತ್ತಿತ್ತು. ಕಾಸರಗೋಡಿನಿಂದ ಕೊಚ್ಚಿಗೆ ಬಂದು ಹೈಕೋರ್ಟಿನಲ್ಲಿ ಕಪ್ಪು ಕೋಟು ತೊಟ್ಟ ಮೇಲೂ ಆ ಉರಿ ಆರಲಿಲ್ಲ. ವಕೀಲಿ ಮಾಡುವವರಿಗೆ ಇದೊಂದು ರೋಗವೇ ಸರಿ. ಫೀಸು ಕೊಡುವ ಕಕ್ಷಿದಾರರು ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಮದುವೆ ಗಿದುವೆ ಎಂದವರನ್ನು ಬೈದು ಓಡಿಸಿದ್ದಳು. ಹಗಲು ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳು, ಸಂಜೆ ಕಳಮಶ್ಶೇರಿಯಲ್ಲಿ ಕಾನೂನು ಪಾಠ, ಭಾನುವಾರ ಮಾನಸಿಕ ಆಸ್ಪತ್ರೆಯಲ್ಲಿ ಸೇವೆ. "ಮೊದಲು ಕಕ್ಷಿದಾರನ ಬಾಯಿಂದ ಕೇಳಿ, ಸೆಕ್ಷನ್ ಆಮೇಲೆ ಹುಡುಕಿ" ಎಂದು ಕ್ಲಾಸಿನಲ್ಲಿ ಮೇಜು ಕುಟ್ಟಿ ಹೇಳುತ್ತಿದ್ದಳು.

ತೊಂಬತ್ಮೂರರಲ್ಲಿ ಅದೇ ಆಸ್ಪತ್ರೆಯಲ್ಲಿ ರತ್ನ ಸಿಕ್ಕಿದಳು. ರಬಕವಿ ಕಡೆಯ ನೇಕಾರರ ಹೆಂಗಸು, ಯಾವುದೋ ರೈಲು ಹತ್ತಿ ಎರ್ನಾಕುಳಂನಲ್ಲಿ ಇಳಿದವಳು. ಅವಳ ಮಾತು ಯಾರಿಗೂ ತಿಳಿಯಲಿಲ್ಲ. ತಿಳಿಯದ ಮಾತೇ ಹುಚ್ಚು ಎಂದಾಗಿ ವರ್ಷಗಟ್ಟಲೆ ಒಳಗೇ ಉಳಿದಿದ್ದಳು. ದಾಕ್ಷಾಯಣಿ "ಊಟ ಆಯ್ತಾ ಮಾರಾಯ್ತಿ?" ಎಂದು ಕನ್ನಡದಲ್ಲಿ ಕೇಳಿದ್ದೇ ತಡ, ರತ್ನ ಅವಳ ಸೆರಗು ಹಿಡಿದುಕೊಂಡು ಅತ್ತೂ ಅತ್ತೂ ಸುಸ್ತಾದಳು.

ವಾಸಿಯಾದವರನ್ನೆಲ್ಲ ಬಿಡುಗಡೆ ಮಾಡಬೇಕೆಂದು ದಾಕ್ಷಾಯಣಿ ತನ್ನ ಹೆಸರಿನಲ್ಲೇ ಅರ್ಜಿ ಹಾಕಿದಳು. ದಿಕ್ಕಿಲ್ಲದ ಇವರು ಹೋಗುವುದೆಲ್ಲಿಗೆ ಎಂದು ಸರ್ಕಾರಿ ವಕೀಲರು ಪಟ್ಟು ಹಿಡಿದರು. ಮನೆಯವರು ಕಾಯುತ್ತಿದ್ದಾರೆ ಎಂದು ತೋರಿಸಿದರೆ ಮಾತ್ರ ಕೇಸು ಗೆಲ್ಲಬಹುದಿತ್ತು. ದಾಕ್ಷಾಯಣಿ ರಬಕವಿಗೆ ಫೋನ್ ಮಾಡಿ ರತ್ನಳ ಅಣ್ಣನನ್ನು ಕರೆಸಿದಳು.

"ಅಣ್ಣನ ಮನಿ ಒಲ್ಲೆರೀ ಅಕ್ಕಾರ," ಎಂದಿದ್ದಳು ರತ್ನ. "ಮಗ್ಗದ ಖೋಲ್ಯಾಗ ಕಟ್ಟಿ ಹಾಕ್ತಾನ್ರೀ. ಬ್ಯಾರೆ ಎಲ್ಲ್ಯಾರ ಇಡ್ರಿ, ಕಸಾ ಮುಸರಿ ಮಾಡ್ಕೊಂಡ ಇರ್ತೀನಿ."

"ಮೊದಲು ಹೊರಗೆ ಬಾ ಮಾರಾಯ್ತಿ. ಉಳಿದದ್ದು ಆಮೇಲೆ ನೋಡುವ."

ಕೇಳಿದಿರಲ್ಲ! ಮೇಜು ಕುಟ್ಟಿ ಪಾಠ ಹೇಳಿದ ಬಾಯಿ ಇದೇ. ಅರ್ಜಿದಾರಳು ತಾನೇ ಆದ ಮೇಲೆ ರತ್ನಳ ಮಾತು ಯಾರಿಗೆ ಬೇಕು? ಕೋರ್ಟಿನಲ್ಲಿ ಅಣ್ಣ ಟವೆಲಿನಿಂದ ಕಣ್ಣೊರೆಸಿಕೊಂಡ. ಆದೇಶ ಬಂತು: ಊರು ಗೊತ್ತಾದ ಕೂಡಲೇ ಬಂಧುಗಳಿಗೆ ಒಪ್ಪಿಸತಕ್ಕದ್ದು, ರಾಜ್ಯದ ಎಲ್ಲ ಆಸ್ಪತ್ರೆಗಳಲ್ಲೂ. ಪತ್ರಿಕೆಗಳು ಹೊಗಳಿದವು. ರತ್ನ ತಲೆ ತಗ್ಗಿಸಿ ಅಣ್ಣನ ಹಿಂದೆ ಹೋದಳು. ಆಮೇಲೆ ನೋಡಲು ದಾಕ್ಷಾಯಣಿಗೆ ಪುರುಸೊತ್ತಾಗಲಿಲ್ಲ.

ತೊಂಬತ್ತೇಳರಲ್ಲಿ ಅವಳು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ತಿರುವನಂತಪುರದ ಆಸ್ಪತ್ರೆಯೊಂದಕ್ಕೆ ಹೋದಳು. ಇನ್ನು ಅಲ್ಲಿಯೂ ಪ್ರತಿ ತಿಂಗಳು ಸೇವೆ ಮಾಡುವ ಯೋಚನೆಯಿತ್ತು. ಅಲ್ಲಿನ ಸೂಪರಿಂಟೆಂಡೆಂಟ್ ಶ್ರೀಪತಿ ಅವಳ ಆದೇಶದ ಪ್ರತಿಯನ್ನು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದರು. ಒಳ್ಳೆಯ ಮನುಷ್ಯ, ಪಾಪ.

"ಒಂದು ಉಪಕಾರ ಆಗಬೇಕು ಮೇಡಂ. ಚಾಲೈ ಬಜಾರಿನಲ್ಲಿ ಅಲೆಯುತ್ತಿದ್ದವಳೊಬ್ಬಳನ್ನು ಪೊಲೀಸರು ತಂದುಬಿಟ್ಟಿದ್ದಾರೆ. ಹೆಸರು ಶಾಂತಾ ಅನ್ನುತ್ತಾಳೆ. ಹರಕುಮುರುಕು ಮಲಯಾಳಂ. ನಿಮ್ಮ ಕಡೆಯವಳೇನೋ ಅಂತ ನನಗೆ ಅನುಮಾನ. ನೀವು ಮಾತಾಡಿಸಿ ಊರು ಹೇಳಿದರೆ, ನಿಮ್ಮ ಆದೇಶದಂತೆ ನಾಳೆಯೇ ಮನೆಗೆ ಕಳಿಸಿಬಿಡುತ್ತೇನೆ."

ಕರೆತಂದರು. ಅಯ್ಯೋ ದೇವರೇ, ರತ್ನ! ತಲೆ ಬೋಳಿಸಿದ್ದರು. ಕಣಕಾಲಿನ ಸುತ್ತ ಹಗ್ಗ ತಿಂದ ಗಾಯ ಕಪ್ಪಗೆ ಗಂಟುಕಟ್ಟಿತ್ತು.

"ಯಾವ ಊರಮ್ಮ ನಿನ್ನದು?" ಎಂದು ದಾಕ್ಷಾಯಣಿ ಹೇಗೋ ಕನ್ನಡದಲ್ಲಿ ಕೇಳಿದಳು.

ರತ್ನಳಿಗೆ ಗುರುತು ಸಿಕ್ಕಿತ್ತು, ಅದು ಕಣ್ಣಲ್ಲೇ ಗೊತ್ತಾಯಿತು. "ಎನಿಕ್ಕ್ ಆರುಮಿಲ್ಲ ಚೇಚೀ," ಎಂದಳು. ತನಗೆ ಯಾರೂ ಇಲ್ಲವಂತೆ, ಅದೂ ಮಲಯಾಳಂನಲ್ಲಿ. ಅಂದು ಕನ್ನಡ ಕಿವಿಗೆ ಬಿದ್ದು ಅತ್ತವಳು ಇಂದು ಅದನ್ನೇ ನುಂಗಿಕೊಂಡು ನಿಂತಿದ್ದಳು. ಬಾಯಿಂದ ಕನ್ನಡ ಬಂದರೆ ಊರು ಸಿಗುತ್ತದೆ, ಊರು ಸಿಕ್ಕರೆ ಅಣ್ಣ ಬರುತ್ತಾನೆ.

"ಗೊತ್ತಾಯಿತೇ ಮೇಡಂ?" ಎಂದರು ಶ್ರೀಪತಿ.

ವಿದ್ಯಾರ್ಥಿಗಳು ಸುತ್ತ ನಿಂತು ಮೇಡಂ ಮುಖವನ್ನೇ ನೋಡುತ್ತಿದ್ದರು. ಇಲ್ಲಿದ್ದರೆ ಸಾಯುವ ತನಕ ಸರಳುಗಳ ಹಿಂದೆ. ಹೋದರೆ ಮಗ್ಗದ ಕೋಣೆ. ಮೂರನೆಯ ಜಾಗವೊಂದನ್ನು ದಾಕ್ಷಾಯಣಿ ಕೋರ್ಟಿನಲ್ಲಿ ಕೇಳಿಯೇ ಇರಲಿಲ್ಲ.

"ಇಲ್ಲ," ಎಂದಳು. "ನಮ್ಮ ಭಾಷೆಯವಳಲ್ಲ." ನಾಲಿಗೆ ತೊದಲಲೂ ಇಲ್ಲ.

ರತ್ನಳನ್ನು ಒಳಗೆ ಕರೆದೊಯ್ದು ಬೀಗ ಹಾಕಿದರು. ಹೊರಡುವಾಗ ದಾಕ್ಷಾಯಣಿ ಒಬ್ಬಳೇ ಸರಳಿನ ಹತ್ತಿರ ಹೋಗಿ ಪಿಸುಗುಟ್ಟಿದಳು: "ತಪ್ಪಾಯ್ತು ರತ್ನಾ. ಆದೇಶ ತಿದ್ದಿಸ್ತೇನೆ, ಬೇರೆ ಜಾಗ ಕೇಳ್ತೇನೆ. ತಿಂಗಳು ತಿಂಗಳು ಬರ್ತೇನೆ ನಿನ್ನ ನೋಡ್ಲಿಕ್ಕೆ."

ರತ್ನ ಆಚೀಚೆ ನೋಡಿ, ತುಟಿ ಅಲುಗಿಸದಂತೆ ಹೇಳಿದಳು:

"ಬರಬ್ಯಾಡ್ರೀ ಅಕ್ಕಾರ. ನೀವು ಬಂದ್ರ ನನ್ನ ಊರು ಗೊತ್ತಾಗ್ತೈತಿ."