ಹಲಗೆಯ ಮೇಲೆ ಒಂದು ಪದ್ಯ

ಅಡುಗೆಮನೆಯ ಪೈಪು ಗೋಡೆಯೊಳಗೇ ಸೋರಿ, ನಡುಮನೆಯ ಮರದ ನೆಲ ನೆನೆದ ಪುಸ್ತಕದ ಹಾಗೆ ಉಬ್ಬಿಕೊಂಡಿತು. ಬಡಗಿ ಬಂದು ಹಲಗೆಗಳನ್ನೆಲ್ಲ ಕಿತ್ತುಹಾಕಿದ. ಕೆಳಗೆ ಬರೀ ಸಿಮೆಂಟು. ಹೊಸದಾಗಿ ಏನು ಹಾಕಲಿ ಎಂದು ಅವನು ಕೇಳಿದಾಗ ನಾನು ಮರ ಎಂದೆ, ನನ್ನ ಗಂಡ ಲ್ಯಾಮಿನೇಟ್ ಎಂದರು. ಇಬ್ಬರ ಬಾಯಿಂದಲೂ ಒಟ್ಟಿಗೇ ಬಂದದ್ದರಿಂದ ಅವನು ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಚಹಾ ಮುಗಿಸಿ, ತೀರ್ಮಾನವಾದ ಮೇಲೆ ಫೋನ್ ಮಾಡಿ ಎಂದು ಹೇಳಿ ಹೊರಟುಹೋದ.

ಅಲ್ಲಿಂದ ನಮ್ಮ ಮನೆಯಲ್ಲಿ ನೆಲದ ಮಾತು ಬಿಟ್ಟು ಬೇರೆ ಮಾತಿಲ್ಲ. ಲ್ಯಾಮಿನೇಟಿಗೆ ಬೆಕ್ಕಿನ ಉಗುರು ತಾಗುವುದಿಲ್ಲ, ಪಾಲಿಶ್ ಬೇಡ, ಒರೆಸಿಬಿಟ್ಟರೆ ಮುಗಿಯಿತು ಎಂದು ಇವರ ವಾದ. ಅದು ಮರವಲ್ಲ, ಮರದ ಫೋಟೋ ಎಂದು ನನ್ನದು. ಫೋಟೋಗೆ ಗೆದ್ದಲಂತೂ ಹಿಡಿಯುವುದಿಲ್ಲವಲ್ಲ ಎಂದು ಇವರು ನಕ್ಕರು. ಕೊನೆಗೆ ಪಂಚಾಯಿತಿ ಅತ್ತೆಯ ಮುಂದೆ ಹೋಯಿತು. ಪರದೆಯ ಬಣ್ಣ ಗೊತ್ತುಮಾಡಲು ಅಂಗಡಿಯವನನ್ನು ಅರ್ಧ ದಿನ ಕೂರಿಸಿಕೊಂಡ ಹೆಂಗಸು ಅವರು. ಅಂಥವರು ಏನಾದರೂ ಹಾಕಿ, ಬೇಗ ಹಾಕಿ ಅಂದುಬಿಟ್ಟರು.

ಇದೇ ನನಗೆ ಸೋಜಿಗವಾಯಿತು. ಆಮೇಲೆ ಇನ್ನೊಂದು ಗಮನಕ್ಕೆ ಬಂತು. ಅತ್ತೆಯ ಕುರ್ಚಿ ಇರುವುದು ಕಿಟಕಿಯ ಕಡೆಗೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಹಾಕಿ. ಆದರೂ ಮಗ ಕೆಲಸದಿಂದ ಬಂದರೆ ತಿರುಗದೆಯೇ ‘ಬಂದ್ಯಾ’ ಅನ್ನುತ್ತಿದ್ದರು. ಈಗ ಹಿಂದೆ ನಿಂತು ಕರೆದರೂ ಓಗೊಡುವುದಿಲ್ಲ, ಭುಜ ಮುಟ್ಟಿದರೆ ಬೆಚ್ಚಿಬೀಳುತ್ತಾರೆ. ಅಮ್ಮ ನಮ್ಮ ಜಗಳಕ್ಕೆ ಮುನಿಸಿಕೊಂಡಿದ್ದಾಳೆ ಎಂದು ಇವರು. ನಾನೂ ಹಾಗೇ ಅಂದುಕೊಂಡೆ, ಆ ಸಂಜೆಯವರೆಗೆ.

ದಿನಾ ಸಂಜೆ ನಾನು ಅತ್ತೆಗೆ ದೇವರ ಪದ್ಯ ಓದುತ್ತೇನೆ. ಓದುವಾಗ ಹಿಮ್ಮಡಿಯಲ್ಲಿ ತಾಳ ಹಾಕುವುದು ನನ್ನ ಅಭ್ಯಾಸ. ಚಿಕ್ಕವಳಿದ್ದಾಗ ಅಜ್ಜನ ಮಗ್ಗುಲಲ್ಲಿ ಕೂತು ಪದ್ಯ ಕೇಳುತ್ತಾ ಅಂಟಿದ್ದು. ಅತ್ತೆ ಬರಿಗಾಲು ನೆಲಕ್ಕೂರಿ, ಕಣ್ಣು ಮುಚ್ಚಿ, ತಾಳ ಬಿದ್ದಲ್ಲೇ ತಲೆದೂಗುತ್ತಾರೆ. ನೆಲ ಕಿತ್ತ ಗಲಾಟೆಯಲ್ಲಿ ನಿಂತಿದ್ದ ಓದನ್ನು ಆ ಸಂಜೆ ಸಿಮೆಂಟಿನ ಮೇಲೆ ಮತ್ತೆ ಶುರುಮಾಡಿದರೆ ತಾಳ ಒಂದು ಕಡೆ, ತಲೆ ಒಂದು ಕಡೆ. ನಾನು ಮುಗಿಸಿ ಪುಸ್ತಕ ಮುಚ್ಚಿದೆ. ಅವರು ಇನ್ನೂ ತಲೆದೂಗುತ್ತಲೇ ಇದ್ದರು.

ಮರುದಿನ ಅದೇ ಪದ್ಯ ತೆಗೆದು, ಅವರ ಕುರ್ಚಿಯ ಕಾಲಿಗೆ ನನ್ನ ಹಿಮ್ಮಡಿ ತಾಗಿಸಿ ತಾಳ ಹಾಕಿದೆ. ತಲೆ ಸರಿಯಾಗಿ ತೂಗಿತು. ನಡುವೆ ತಾಳ ನಿಲ್ಲಿಸಿ, ದನಿ ಮಾತ್ರ ಮುಂದುವರಿಸಿದೆ. ತಲೆ ನಿಂತಿತು. ಅತ್ತೆ ಕಣ್ಣು ಬಿಟ್ಟರು.

“ಗೊತ್ತಾಯ್ತಾ?” ಎಂದರು.

ಕಿವಿ ಸ್ವಲ್ಪಸ್ವಲ್ಪವಾಗಿ ಹೋಯಿತಂತೆ. ಎದುರಿಗಿದ್ದವರ ತುಟಿ ನೋಡಿ ನಿಭಾಯಿಸುತ್ತಿದ್ದರು. ಹಿಂದಿನಿಂದ ಬರುವವರನ್ನು ಹಲಗೆ ಅಂಗಾಲಿಗೆ ತಿಳಿಸುತ್ತಿತ್ತು. ಕಣ್ಣಿನ ಡಾಕ್ಟರ ಹತ್ತಿರ ಎಂದು ಹೇಳಿ ಕಿವಿಯ ಡಾಕ್ಟರ ಹತ್ತಿರ ಹೋಗಿಬಂದಿದ್ದರು. ಆ ಡಾಕ್ಟರು ಕಿವಿಗಿಟ್ಟ ಮಿಷಿನ್ನಿನಲ್ಲಿ ಪಾತ್ರೆ ಉರುಳಿಸಿದಂಥ ಸದ್ದು ಬರುತ್ತಿತ್ತಂತೆ, ಮಾತು ಬರಲಿಲ್ಲವಂತೆ. ಮಗನಿಗೆ ಹೇಳೋಣ ಎಂದೆ. ನನ್ನ ಕೈ ಹಿಡಿದುಕೊಂಡರು.

“ಬೇಡ ಕಣೇ. ಕೇಳ್ದೇ ಇರೋಳ ಮುಂದೆ ಯಾರು ಪದ್ಯ ಓದ್ತಾರೆ? ಮೊದಲು ಅದು ನಿಲ್ಲುತ್ತೆ, ಆಮೇಲೆ ಮಾತೂ ನಿಲ್ಲುತ್ತೆ.”

“ನಾನು ಬಾಯಿ ಬಿಡಲ್ಲ ಅತ್ತೆ. ನೆಲಾನೇ ಹೇಳಿಬಿಟ್ರೆ?”

ಅವರು ಬರಿಗಾಲನ್ನು ಸಿಮೆಂಟಿನ ಮೇಲೊಮ್ಮೆ ಉಜ್ಜಿದರು. “ನೆಲ ಹೇಳೋದಾದ್ರೆ ಹೇಳಲಿ,” ಎಂದರು.

ಯಾವ ನೆಲದಲ್ಲಿ ಹೆಜ್ಜೆ ಚೆನ್ನಾಗಿ ಗೊತ್ತಾಗುತ್ತದೆ ಎಂದು ಬಡಗಿಗೆ ಫೋನ್ ಮಾಡಿ ಕೇಳಿದೆ. ಎಲ್ಲರೂ ಸದ್ದಾಗದ ನೆಲ ಕೇಳುತ್ತಾರೆ, ನೀವೊಬ್ಬರು ಉಲ್ಟಾ ಎಂದು ಅವನಿಗೆ ನಗು. ಲ್ಯಾಮಿನೇಟಿನ ಕೆಳಗೆ ಫೋಮಿನ ಹಾಳೆ ಹಾಸುತ್ತೇವೆ, ಅದುರಿದ್ದನ್ನು ಅದು ನುಂಗಿಬಿಡುತ್ತದೆ ಎಂದ. ಹಾಗಾದರೆ ಮರವೇ ಸರಿ ಎಂದು ನಾನು ಗೆದ್ದವಳ ಹಾಗೆ ಹೇಳಿದರೆ, ಮರವನ್ನೂ ಸಿಮೆಂಟಿಗೆ ಅಂಟಿಸಿಬಿಟ್ಟರೆ ಕಲ್ಲಿನ ಹಾಗೇ ಎಂದುಬಿಟ್ಟ. ಅಡ್ಡಪಟ್ಟಿ ಕೂರಿಸಿ ಮೇಲೆ ಹಲಗೆ ಹೊಡೆಯಬೇಕು, ಒಳಗೆ ಟೊಳ್ಳಿರಬೇಕು, ಹಳೆಯದು ಹಾಗೇ ಇತ್ತು ಎಂದ. ಮೇಲಿನದ್ದರ ಬಗ್ಗೆಯೇ ನಾವಿಬ್ಬರೂ ಅಷ್ಟು ದಿನ ಗುದ್ದಾಡಿದ್ದೆವು; ಕೆಳಗೇನಿರುತ್ತದೆ ಎಂದು ಯಾರೂ ಕೇಳಿರಲಿಲ್ಲ.

ರಜೆಯ ದಿನ ಬಡಗಿ ಲ್ಯಾಮಿನೇಟು, ಅಡ್ಡಪಟ್ಟಿಯ ಮೇಲಿನ ಹಲಗೆ ಎರಡನ್ನೂ ಒಂದೊಂದು ಮಂಚದಗಲ ಜೋಡಿಸಿಟ್ಟ. ಲ್ಯಾಮಿನೇಟಿನ ತುದಿಯಲ್ಲಿ ಅತ್ತೆಯ ಕುರ್ಚಿ ಹಾಕಿ, ನಡೆದು ನೋಡಿ ಎಂದು ಇವರಿಗೆ ಹೇಳಿದೆ. ಅತ್ತೆ ನನ್ನನ್ನೊಮ್ಮೆ ನೋಡಿ, ಚಪ್ಪಲಿ ಕಳಚಿ, ಮಗನಿಗೆ ಬೆನ್ನು ಹಾಕಿ ಕೂತರು.

ಇವರು ನಡೆದು ಕುರ್ಚಿಯ ಹಿಂದೆ ನಿಂತು, ಎಷ್ಟು ನುಣುಪಾಗಿದೆ ನೋಡಮ್ಮ ಎಂದರು. ಉತ್ತರವಿಲ್ಲ. ಅಮ್ಮಾ ಎಂದು ಮತ್ತೆ ಕರೆದರು. ಅದಕ್ಕೂ ಇಲ್ಲ. ನನ್ನ ಮುಖ ನೋಡಿದರು. ನಾನು ಅತ್ತೆಯನ್ನು ಎಬ್ಬಿಸಿ, ಕುರ್ಚಿಯನ್ನು ಪಕ್ಕದ ಮರದ ಹಲಗೆಯ ಮೇಲೆ ಹಾಕಿ ಕೂರಿಸಿ, ಇಲ್ಲೂ ಒಂದು ಸಲ ನಡೀರಿ ಎಂದೆ.

ಎರಡು ಹೆಜ್ಜೆ ಇಟ್ಟಿರಬೇಕು.

“ಎಡಗಾಲು ಇನ್ನೂ ಎಳೀತೀಯಲ್ಲೋ,” ಎಂದರು ಅತ್ತೆ, ಕಿಟಕಿಯ ಕಡೆ ನೋಡುತ್ತಲೇ. “ಸೈಕಲ್ಲಿಂದ ಬಿದ್ದಾಗಿನಿಂದ ಬಡ್ಕೋತಾ ಇದೀನಿ, ಎತ್ತಿಡು ಅಂತ.”

ಇವರು ಅಲ್ಲೇ ನಿಂತರು. ಹಿಂದಿನಿಂದಲೇ ತೀರ ಮೆಲ್ಲಗೆ ಏನೋ ಕೇಳಿದರು; ನನಗೂ ಸರಿಯಾಗಿ ಕೇಳಿಸಲಿಲ್ಲ. ಅತ್ತೆ ಅಲುಗಲಿಲ್ಲ. ಆಗ ಸುತ್ತಿ ಬಂದು, ಅಮ್ಮನ ಎದುರು ಕುಕ್ಕರಗಾಲಲ್ಲಿ ಕೂತು, ತುಟಿ ಕಾಣುವಂತೆ ಮುಖವೆತ್ತಿದರು.

“ಬೆಕ್ಕು ಗೀರಿದ್ರೆ ಪಾಲಿಶ್ ಹಾಕಿಸಿದ್ರಾಯ್ತು ಬಿಡಮ್ಮ,” ಎಂದರು.

ಅತ್ತೆ ಮಗನ ತಲೆಯ ಮೇಲೆ ಕೈಯಿಟ್ಟರು. ಬಡಗಿ ಅಳತೆಯ ಟೇಪು ಹಿಡಿದು, ನಡುಮನೆಗೆ ಮಾತ್ರವೇ ಎಂದು ಕೇಳಿದ. ಹೊರಬಾಗಿಲಿನಿಂದಲೇ ಶುರುಮಾಡು ಎಂದರು ಇವರು.

ಹೊಸ ಹಲಗೆ ಹಾಕಿ ಮುಗಿದ ಸಂಜೆ ನಾನು ಪುಸ್ತಕ ತೆಗೆದರೆ ಇವರು ಕೈಚಾಚಿದರು. ಪದ್ಯದ ಹೊತ್ತಿಗೆ ಏನಾದರೂ ನೆಪ ಹೇಳಿ ಜಾಗ ಖಾಲಿ ಮಾಡುತ್ತಿದ್ದ ಮನುಷ್ಯ. ಕುರ್ಚಿಯ ಪಕ್ಕ ಕೂತು, ನನ್ನ ಕಾಲು ನೋಡಿಕೊಂಡು ಹಿಮ್ಮಡಿ ಸರಿಮಾಡಿಕೊಂಡು, ಓದತೊಡಗಿದರು. ಅತ್ತೆ ಕಣ್ಣು ಮುಚ್ಚಿದರು. ತಲೆ ಒಂದು ಸಲ ತೂಗಿತು, ಇನ್ನೊಂದು ಸಲ ತೂಗಿತು, ಆಮೇಲೆ ನಿಂತುಬಿಟ್ಟಿತು.

“ತಾಳ ತಪ್ತು,” ಎಂದರು. “ಮೊದಲಿಂದ ಓದು.”