ಎಡಗಡೆಯ ಗೆರೆ

ಹೊಗೆಯ ಎಳೆ ಮತ್ತೆ ಅಲ್ಲೇ ಎದ್ದಿತು, ಹಿಂದಿನ ಗಾಜು ಮುಗಿದು ಡಿಕ್ಕಿ ಶುರುವಾಗುವ ಆ ಭುಜದ ಮೇಲೆ, ಬಾನೆಟ್ಟಿನಿಂದ ಚಾವಣಿಯವರೆಗೆ ಕಾರಿಗೆ ಅಂಟಿಕೊಂಡೇ ಬಂದದ್ದು ಅಲ್ಲಿಗೆ ಬಂದ ಕೂಡಲೇ ತಲೆಯೆತ್ತಿ, ಸುರುಳಿ ಸುತ್ತಿ, ಚೆದುರಿಹೋಯಿತು, ಇನ್ನೊಂದು ಸಲ ಬಿಡಿ ಎಂದು ಗಾಳಿಯಮ್ಮ ಮೈಕಿನಲ್ಲಿ ಹೇಳುತ್ತಾಳೆ, ಇನ್ನೊಂದಲ್ಲ, ಬೇಕಾದಷ್ಟು ಸಲ ಬಿಡು ತಾಯಿ, ಅದು ಏಳುವುದು ಅಲ್ಲೇ, ನನ್ನನ್ನು ಕೇಳಿದ್ದರೆ ಬೆಳಿಗ್ಗೆಯೇ ಹೇಳುತ್ತಿದ್ದೆ — ಹೇಳುತ್ತಿದ್ದೆನೇ? ಎಲ್ಲಿಯ ಹೇಳುವುದು, ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇನಲ್ಲ ಇಷ್ಟು ದಿನದಿಂದ. ಕಾರಿನ ಮೇಲೆ ಗಾಳಿ ಹಾಯಿಸಿ ನೋಡುವ ಈ ಗಾಳಿಸುರಂಗದ ಎಂಜಿನಿಯರಿಗೆ ಗಾಳಿಯಮ್ಮ ಎಂದು ಹೆಸರಿಟ್ಟವಳು ನನ್ನ ತಂಗಿ, ಅವಳ ಬಾಯಿಗೆ ಸಿಕ್ಕಿ ಹೆಸರು ಉಳಿಸಿಕೊಂಡವರು ಈ ಕಾರ್ಖಾನೆಯಲ್ಲಿ ಯಾರೂ ಇಲ್ಲ, ಮುಖ್ಯ ವಿನ್ಯಾಸಕಾರ ಗೆರೆರಾಯ, ಯಾಕೆಂದರೆ ಬಾಯಿ ತೆರೆದರೆ ಗೆರೆ, ಈ ಗೆರೆ ಓಡಬೇಕು, ಆ ಗೆರೆ ಕೂರಬೇಕು, ಮತ್ತು ಈ ಹೊಸ ಕಾರು, ನಾಲ್ಕು ಬಾಗಿಲಿನ ಸೆಡಾನ್, ಹೊಟ್ಟೆಯೊಳಗೆ ರೇಸಿನ ಎಂಜಿನ್, ಅದಕ್ಕೂ ಒಂದು ಹೆಸರು — ಅಜ್ಜೀನ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ರೇಸಿಗೆ ಹೋಗೋ ಗಾಡಿ ಕಣೇ ಅಕ್ಕಾ, ಅಜ್ಜಿ ಹಲ್ಲಿನ ಸೆಟ್ ಹಾರಿಹೋಗ್ದೇ ಇದ್ರೆ ಸಾಕು. ದಪ್ಪ ಗಾಜಿನ ಈಚೆ ನಿಂತರೂ ದೊಡ್ಡ ಫ್ಯಾನಿನ ಗುಂಯ್ ಎನ್ನುವ ಸದ್ದು ಹಲ್ಲಿನ ಬುಡಕ್ಕೆ ಬರುತ್ತದೆ, ಆಚೆ ನಮ್ಮ ಜೇಡಿಮಣ್ಣಿನ ಮಾದರಿ ಕಾರು ಬೆಳ್ಳಿ ಬಣ್ಣದ ಹಾಳೆ ಸುತ್ತಿಕೊಂಡು ನಿಜವಾದ ಕಾರಿನ ಹಾಗೆ ನಿಂತಿದೆ, ಒಳಗೆ ಎಂಜಿನ್ನೂ ಇಲ್ಲ ಸೀಟೂ ಇಲ್ಲ, ಬರೀ ಜೇಡಿ, ನಮ್ಮ ಅಕ್ಕತಂಗಿಯರಿಬ್ಬರ ಕೈ. ಇದರ ಅಚ್ಚಿನಿಂದ ತೆಗೆದ ಉಕ್ಕಿನ ಕಾರನ್ನು ಪರೀಕ್ಷಾ ಚಾಲಕ ಓಡಿಸಿ ಬಂದು ಹೆಲ್ಮೆಟ್ ತೆಗೆದು ಹೇಳಿದ್ದು ಇನ್ನೂ ಕಿವಿಯಲ್ಲಿದೆ, ಎಂಜಿನ್ ಬೆಣ್ಣೆ ಸಾರ್, ಬ್ರೇಕು ಹೇಳಿದ ಕಡೆ ನಿಲ್ಲುತ್ತೆ, ಆದ್ರೆ ಉದ್ದ ತಿರುವಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಹಿಂದಿನಿಂದ ಯಾರೋ ಎರಡೂ ಕೈ ಇಟ್ಟು ಹಿಡ್ಕೊಂಡು ಎತ್ತಿದ ಹಾಗಾಗುತ್ತೆ, ಹಿಂದಿನ ಚಕ್ರ ನೆಲ ಬಿಡುತ್ತೇನೋ ಅನ್ನಿಸುತ್ತೆ. ಎಲ್ಲರೂ ನಕ್ಕರು. ಎರಡೂ ಕೈ ಎಂದನಲ್ಲ, ಅವನಿಗೆ ಯಾರು ಹೇಳಿದರು?

ಆಮೇಲೆ ಸ್ಪ್ರಿಂಗ್ ಬದಲಾಯಿಸಿದರು, ಟೈರ್ ಬದಲಾಯಿಸಿದರು, ಡಿಕ್ಕಿಯಲ್ಲಿ ತೂಕ ಇಟ್ಟು ನೋಡಿದರು, ಏನೂ ಆಗಲಿಲ್ಲ, ಏನಾಗುತ್ತದೆ, ಕೈ ಇರುವುದು ಮೇಲೆ. ಎಡಗಡೆ ತಂಗಿಯದು, ಬಲಗಡೆ ನನ್ನದು, ಮೊದಲಿನಿಂದಲೂ ಹಾಗೇ, ಅವಳು ಎಡಚಿ, ಒಂದೇ ಕಾರಿಗೆ ಎರಡು ಮಗ್ಗುಲಲ್ಲಿ ಎರಡು ಬಗೆಯ ಮೈ ಮಾಡುವುದು ನಮ್ಮಲ್ಲಿ ಪದ್ಧತಿ, ಒಲೆಯಲ್ಲಿ ಬಿಸಿ ಮಾಡಿದ ಕಂದು ಜೇಡಿಯನ್ನು ಹಿಡಿ ಹಿಡಿಯಾಗಿ ಒತ್ತಿ, ತಣಿಯಲು ಬಿಟ್ಟು, ಉಕ್ಕಿನ ಪಟ್ಟಿಯಿಂದ ಹೆರೆದು ಹೆರೆದು, ಕೊನೆಗೆ ಗೆರೆರಾಯ ಬಂದು ಎರಡನ್ನೂ ಸುತ್ತಿ ನೋಡಿ ಒಂದನ್ನು ಆರಿಸುತ್ತಾನೆ, ಸೋತ ಕಡೆಯನ್ನು ಕೊರೆಯುವ ಯಂತ್ರ ಕೆತ್ತಿ ಹಾಕಿ ಗೆದ್ದ ಕಡೆಯ ಪಡಿಯಚ್ಚು ತೆಗೆಯುತ್ತದೆ, ಸೋತವಳು ಗೆದ್ದವಳಿಗೆ ಕಾಫಿ ಕೊಡಿಸಬೇಕು, ನಾನೇ ಹೆಚ್ಚು ಕೊಡಿಸಿದ್ದೇನೆ, ಒಪ್ಪಿಕೊಳ್ಳುವುದಕ್ಕೆ ನನಗೇನೂ ನಾಚಿಕೆಯಿಲ್ಲ. ಆ ಮಧ್ಯಾಹ್ನ ನಾನು ಬಲಗಡೆ ಹಿಂದಿನ ಚಕ್ರದ ಪಕ್ಕ ಕುಳ್ಳು ಮಣೆಯ ಮೇಲೆ ಕೂತಿದ್ದೆ, ನಡುವೆ ಕಾರಿನ ಮೈ, ಅವಳು ಕಾಣುವುದಿಲ್ಲ, ಮಾತು ಮಾತ್ರ ಚಾವಣಿ ಹಾರಿ ಬರುತ್ತದೆ, ಆ ದರ್ಜಿ ಇದ್ದಾನಲ್ಲ ಅಕ್ಕಾ, ಕೋಟಿನ ಒಂದು ತೋಳು ಉದ್ದ ಹೊಲಿದಿದ್ದಾನೆ, ಯಾಕಯ್ಯಾ ಹೀಗೆ ಅಂತ ಕೇಳಿದ್ರೆ ಏನಂದ ಗೊತ್ತಾ — ಏನಂದ, ಎಂದೆ ನಾನು, ಹೆರೆಯುತ್ತಲೇ ಇದ್ದೆ, ಜೇಡಿಯ ಸಿಪ್ಪೆ ಮಡಿಲಿಗೆ ಬೀಳುತ್ತಿತ್ತು, ಏನಂದ ಹೇಳೇ ಕೋತಿ, ಎಂದೆ, ನಗು ತಡೆದುಕೊಂಡು ಆಟ ಆಡಿಸುತ್ತಿದ್ದಾಳೆ ಎಂದುಕೊಂಡೆ, ಆಮೇಲೆ ಅವಳ ಉಕ್ಕಿನ ಪಟ್ಟಿ ನೆಲಕ್ಕೆ ಬಿದ್ದ ಸದ್ದು, ಆಮೇಲೆ ಇನ್ನೊಂದು ಸದ್ದು. ತಲೆಯೊಳಗೆ ರಕ್ತನಾಳ ಒಡೆದಿದೆ, ನೀವು ಪಕ್ಕದಲ್ಲೇ ಇದ್ರೂ ಏನೂ ಮಾಡೋಕಾಗ್ತಿರಲಿಲ್ಲ, ಎಂದರು ವೈದ್ಯರು, ಪಕ್ಕದಲ್ಲೇ ಇದ್ದೆ ಸ್ವಾಮಿ, ಒಂದು ಕಾರಿನ ಅಗಲ ದೂರ. ಎಲ್ಲಾ ಮುಗಿದ ಮೇಲೆ ಆ ದರ್ಜಿಯ ಅಂಗಡಿಗೂ ಹೋಗಿ ಬಂದೆ, ನನ್ನ ತಂಗಿಗೆ ನೀವು ಏನು ಹೇಳಿದ್ರಿ, ತೋಳು ಯಾಕೆ ಉದ್ದ ಆಯ್ತು ಅಂದ್ರಿ, ಎಂದು ಕೇಳಿದೆ, ಅವನು ಕನ್ನಡಕ ಹಣೆಗೇರಿಸಿ, ಯಾವ ಕೋಟಮ್ಮಾ, ಎಂದ.

ಕೆಲಸಕ್ಕೆ ಮರಳಿದ ದಿನ ಸ್ಟುಡಿಯೋದಲ್ಲಿ ಕಾರು ಆಗಲೇ ಬೆಳ್ಳಿ ಹಾಳೆ ಹೊದ್ದು ನಿಂತಿತ್ತು, ನಾನಿಲ್ಲದಾಗ ಬೇರೆಯವರು ಅವಸರದಲ್ಲಿ ಹಾಳೆ ಹಾಕಿ ಮುಗಿಸಿದ್ದರು, ಮಾಲೀಕರಿಗೆ ತೋರಿಸುವ ದಿನ ಬಂದಿತ್ತಲ್ಲ, ಗೆರೆರಾಯ ಎಡಗಡೆಯ ಭುಜದ ಮುಂದೆ ನಿಂತು ಕೈ ಆಡಿಸುತ್ತಿದ್ದ, ನೋಡಿ, ಚಾವಣಿ ದೀಪದ ಬೆಳಕು ಇಲ್ಲಿ ಹೇಗೆ ಒಂದು ಕ್ಷಣ ಬಾಗುತ್ತೆ, ಉಸಿರು ತಗೊಂಡು ಮುಂದೆ ಹೋದ ಹಾಗೆ, ನಿಮ್ಮ ತಂಗಿ ಬಿಟ್ಟರೆ ಇಂಥ ಗೆರೆ ಇನ್ಯಾರಿಂದ ಆಗುತ್ತೆ ಹೇಳಿ, ನಾನು ಹತ್ತಿರ ಹೋದೆ, ಕಣ್ಣು ಮುಚ್ಚಿ ಅಂಗೈ ಇಟ್ಟೆ, ನಮ್ಮ ಕಸುಬಿನಲ್ಲಿ ಕಣ್ಣನ್ನು ಯಾರೂ ನಂಬುವುದಿಲ್ಲ, ಕೈ ಜಾರಿಸಿಕೊಂಡು ಬಂದರೆ ಅಲ್ಲೊಂದು ತಗ್ಗು, ಕೂದಲೆಳೆಗಿಂತ ತುಸು ಹೆಚ್ಚು, ನನ್ನ ಕೈ ಅದರೊಳಗೆ ಇಳಿದು ನಿಂತುಬಿಟ್ಟಿತು. ಅಂಗೈಯ ಬುಡ ಆಳ, ಹೆಬ್ಬೆರಳು ಓರೆ, ಕಿರುಬೆರಳು ಒಳಕ್ಕೆ ಸೊಟ್ಟ — ಚಿಕ್ಕವಳಿದ್ದಾಗ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ ಬೆರಳು, ಬಾಗಿಲು ಹಾಕಿದವಳು ಅಮ್ಮ, ತಂಗಿಗಿಂತ ಜೋರಾಗಿ ಅತ್ತವಳು ನಾನು. ಬೀಳುವ ಮೊದಲು ಅವಳು ಊರಿದ ಎಡಗೈ ಇದು. ಜೇಡಿ ಇನ್ನೂ ಬಿಸಿಯಿದ್ದಿರಬೇಕು. ಹೇಗಿದೆ, ಎಂದ ಗೆರೆರಾಯ. ಚೆನ್ನಾಗಿದೆ, ಎಂದೆ, ಇನ್ನೇನು ಹೇಳಲಿ, ಹೇಳಿದರೆ ತುಂಬಿಸಿ ಹೆರೆದುಬಿಡುತ್ತಿದ್ದರು, ಹೇಳಲಿಲ್ಲ, ಸಂತೋಷವೇ ಆಯಿತು ನನಗೆ, ನಿಜ ಹೇಳಬೇಕೆಂದರೆ ಹುಚ್ಚು ಸಂತೋಷ. ಎಡಗಡೆ ಗೆದ್ದಿತು, ಯಂತ್ರ ಬಂದು ನನ್ನ ಬಲಗಡೆಯನ್ನು ಕೆತ್ತಿ ಎಡಗಡೆಯನ್ನೇ ಕನ್ನಡಿಯ ಬಿಂಬದ ಹಾಗೆ ತಿರುಗಿಸಿ ಕೊರೆಯಿತು, ಕೆಲಸ ಮುಗಿದು ಎಲ್ಲರೂ ಹೋದ ಮೇಲೆ ನಾನು ಬಲಗಡೆಯ ಭುಜಕ್ಕೆ ಅಂಗೈ ಇಟ್ಟೆ, ಅಯ್ಯೋ ದೇವರೇ, ಅಲ್ಲೂ ಒಂದು ಕೈ, ಅದೇ ಓರೆ ಹೆಬ್ಬೆರಳು, ಅದೇ ಸೊಟ್ಟ ಕಿರುಬೆರಳು, ಆದರೆ ಬಲಗೈ, ಅವಳ ಬಲಗೈಯ ಕಿರುಬೆರಳು ನೆಟ್ಟಗಿತ್ತು, ಇಂಥ ಬಲಗೈ ಅವಳಿಗೆ ಇರಲೇ ಇಲ್ಲ. ಆ ಹೊತ್ತಿನಿಂದ ಕಾರಿನ ಮುಂದೆ ನಿಂತರೂ ಹಿಂದುಗಡೆ ಬಗ್ಗಿ ನಿಂತ ಅವಳು ಕಾಣುತ್ತಾಳೆ, ಎರಡೂ ಕೈ ಊರಿಕೊಂಡು, ಬಿಡದೆ. ಮನೆಯಲ್ಲಿ ಅವಳ ಹಾಸಿಗೆಯನ್ನು ಅಮ್ಮ ಇನ್ನೂ ಝಾಡಿಸುತ್ತಾಳೆ, ಅವಳು ಮಾಡಿದ ಕಾರು ರಸ್ತೆಗೆ ಯಾವಾಗ ಬರುತ್ತೇ, ಒಂದ್ಸಲ ಮುಟ್ಟಿ ನೋಡ್ಬೇಕು, ಎನ್ನುತ್ತಾಳೆ, ಬರುತ್ತಮ್ಮಾ, ಮುಟ್ಟುವೆಯಂತೆ, ಎಲ್ಲಿ ಮುಟ್ಟಬೇಕೆಂದು ನಾನೇ ತೋರಿಸ್ತೀನಿ, ಎಂದಿದ್ದೇನೆ. ಮಾತು ಕೊಟ್ಟಾಗಿದೆ.

ಫ್ಯಾನ್ ನಿಂತಿತು, ಕಿವಿ ಖಾಲಿಯಾಯಿತು, ಗಾಳಿಯಮ್ಮ ಬಂದು ಭುಜದ ಮೇಲೆ ಬೆರಳಿಟ್ಟು ಗೆರೆರಾಯನಿಗೆ ಹೇಳುತ್ತಿದ್ದಾಳೆ, ನೋಡಿ ಸಾರ್, ಗಾಳಿ ಇಲ್ಲಿ ಕಾರಿನ ಮೈ ಬಿಡ್ತಿದೆ, ಎರಡೂ ಕಡೆ ಒಂದೇ ಜಾಗ, ವೇಗ ಹೆಚ್ಚಿದಷ್ಟೂ ಹಿಂಭಾಗ ಎತ್ತುತ್ತೆ, ಈ ತಗ್ಗು ತುಂಬಿಸಿ ಅಷ್ಟೇ, ಅವನೋ ಕೆಂಡಾಮಂಡಲ, ತಗ್ಗಲ್ಲ ರೀ ಅದು, ಅದೇ ಕಾರಿನ ಜೀವ, ಬೇಕಾದ್ರೆ ಡಿಕ್ಕಿ ತುದಿಗೆ ರೆಕ್ಕೆ ಹಾಕಿ, ರೆಕ್ಕೆ ಹಾಕಿದ್ರೂ ಸಾಲಲ್ಲ ಸಾರ್, ಹಾಗಾದ್ರೆ ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಿ, ಬೆಳಿಗ್ಗೆ ಅವನು ಓಡಿಸಲಿ, ಪೂರ್ತಿ ವೇಗದಲ್ಲಿ, ಆಮೇಲೆ ನೋಡೋಣ. ಅವನು, ಅಂದರೆ ಚಾಲಕ, ಬಾಗಿಲ ಹತ್ತಿರ ಗೋಡೆಗೊರಗಿ ನಿಂತು ಕಿತ್ತಳೆ ಸುಲಿಯುತ್ತಿದ್ದಾನೆ, ಜಗಳ ಅವನದ್ದಲ್ಲವೆಂಬಂತೆ, ಓಡಿಸ್ತೀನಿ ಬಿಡಿ ಸಾರ್, ಎನ್ನುತ್ತಾನೆ, ಇವಳು ಎತ್ತಿದ್ರೆ ನಾನು ಒತ್ತಿ ಹಿಡೀತೀನಿ, ಎನ್ನುತ್ತಾನೆ. ಇವಳು ಎಂದ. ಕಾರನ್ನು ಎಲ್ಲಾ ಚಾಲಕರೂ ಹಾಗೇ ಕರೆಯುತ್ತಾರೆ, ಗೊತ್ತು ನನಗೆ, ಆದರೂ ಎಂದ. ಅವನ ಬೆರಳುಗಳನ್ನು ನೋಡುತ್ತಿದ್ದೇನೆ, ಕಿತ್ತಳೆಯ ಬಿಳಿ ನಾರನ್ನು ಒಂದೊಂದಾಗಿ ಬಿಡಿಸುತ್ತಿವೆ, ಬೆಚ್ಚಗಿರುವ ಬೆರಳು, ನಾಳೆ ಆ ಉದ್ದ ತಿರುವಿನಲ್ಲಿ ಸ್ಟಿಯರಿಂಗ್ ಹಿಡಿಯುವ ಬೆರಳು, ಇವನ ಮನೆಯಲ್ಲೂ ಯಾರೋ ಹಾಸಿಗೆ ಝಾಡಿಸುತ್ತಾರೆ — ಸಾರ್, ಎಂದೆ. ನನ್ನ ದನಿಯೇ ಹೌದೇ ಅದು? ಸಾರ್, ಅದು ಗೆರೆ ಅಲ್ಲ, ಕೈ. ಯಾವ ಕೈ? ಅವಳು ಬೀಳೋ ಮುಂಚೆ ಊರಿದ್ದ ಕೈ, ಅಂಗೈ ಇಟ್ಟು ನೋಡಿ, ಕಿರುಬೆರಳು ಸೊಟ್ಟ ಇದೆ. ಗೆರೆರಾಯ ಕಾರಿನ ಹತ್ತಿರ ಹೋದ, ಕೈ ಎತ್ತಿದ, ಇಡಲಿಲ್ಲ, ಇಡುವುದಕ್ಕೆ ಧೈರ್ಯ ಸಾಲಲಿಲ್ಲ ಪಾಪ, ಅಷ್ಟು ದಿನ ಬಾಯಿ ತುಂಬ ಹೊಗಳಿದವನು ಮುಖ ಆಚೆ ತಿರುಗಿಸಿ ನಿಂತ, ಕರ್ಚೀಫಿಗೆ ತಡಕಾಡಿದ, ಆಮೇಲೆ ಮೆಲ್ಲಗೆ ಹೇಳಿದ, ಹಾಗಾದ್ರೆ ಮುಟ್ಟೋದೇ ಬೇಡಮ್ಮಾ, ಇರಲಿ ಬಿಡಿ, ಹೊರಗೆ ಹೋಗೋ ಒಂದೊಂದು ಕಾರಿನಲ್ಲೂ ಅವಳಿರ್ತಾಳೆ, ಯಾರಿಗುಂಟು ಅಂಥ ಭಾಗ್ಯ, ಸ್ಪ್ರಿಂಗಿನಲ್ಲೇ ಏನಾದ್ರೂ ದಾರಿ ಹುಡುಕೋಣ. ಗಾಳಿಯಮ್ಮ ನೆಲ ನೋಡುತ್ತಿದ್ದಾಳೆ, ಬೆಳಗಿನಿಂದ ಅಷ್ಟು ಮಾತಾಡಿದವಳು, ಈಗ ಮಾತಾಡೇ ಮಾರಾಯ್ತಿ, ಬೇಡ ಅನ್ನು, ನೀನಾದರೂ ಬೇಡ ಅನ್ನು, ನನ್ನ ಬಾಯಲ್ಲಿ ಆ ಮಾತು ಹೊರಡಿಸಬೇಡಿ, ನನಗೂ ಬೇಕು ಅದು, ಅವಳು ಒಂದೊಂದು ಕಾರಿನಲ್ಲೂ ಬೇಕು, ಬೀದಿ ಬೀದಿಯಲ್ಲಿ ನಿಂತಿರಬೇಕು, ಅಮ್ಮ ಹೋಗಿ ಮುಟ್ಟಬೇಕು, ಎಷ್ಟು ಸುಲಭವಾಗಿ ಹೇಳಿಬಿಟ್ಟ ಇವನು ಇರಲಿ ಬಿಡಿ ಎಂದು, ನನ್ನ ಹೊಟ್ಟೆಯೊಳಗಿನ ಮಾತನ್ನೇ ಕದ್ದು ಹೇಳಿದ ಹಾಗೆ, ಸಿಟ್ಟು ಬಂತು ನನಗೆ, ಅವನ ಮೇಲಲ್ಲ, ಅವಳ ಮೇಲೆ, ಬಿಡೇ, ಎಷ್ಟು ಹೊತ್ತು ಹಿಡ್ಕೊಂಡಿರ್ತೀಯಾ, ನಾಳೆ ಓಡಿಸೋನು ಬಿದ್ರೆ ಏನೇ ಮಾಡ್ತೀಯಾ. ಎಲ್ಲರೂ ನನ್ನತ್ತ ತಿರುಗಿದರು, ಕೂಗಿಯೇಬಿಟ್ಟೆನೇನೋ. ಚಾಲಕನ ಕೈಯಲ್ಲಿ ಕಿತ್ತಳೆ ಹಾಗೇ ಉಳಿದಿದೆ. ಒಲೆ ಬಿಸಿ ಇದೆಯಾ, ಎಂದು ಕೇಳಿದೆ.

ಬಲಗಡೆಯದು ಕಷ್ಟವಾಗಲಿಲ್ಲ, ಅದು ಯಂತ್ರದ ಕೈ, ಹಾಳೆ ಸುಲಿದು ಜೇಡಿ ಒತ್ತಿ ಹೆರೆದು ಮುಗಿಸಿದೆ, ಕಣ್ಣು ಕೂಡ ಒದ್ದೆಯಾಗಲಿಲ್ಲ, ನೋಡಿದೆಯೇನೇ, ಎಷ್ಟು ಗಟ್ಟಿಗಿತ್ತಿ ನಿನ್ನ ಅಕ್ಕ, ಈಚೆ ಬಂದೆ, ಎಡಗಡೆ, ಹಾಳೆ ಚರ್ರೆಂದು ಎದ್ದಿತು, ಕೆಳಗೆ ಕಂದು ಜೇಡಿ, ಹಾಳೆ ಹಾಕಿದವರು ಮೇಲೆ ಮೇಲೆ ಉಜ್ಜಿದ್ದಾರೆ, ಬೆರಳ ಗೀಟೊಂದೂ ಉಳಿದಿಲ್ಲ, ಆದರೂ ಕೈ, ಹಿಡಿ ಜೇಡಿ ತೆಗೆದುಕೊಂಡೆ, ಒಲೆಯಿಂದ ಈಗಷ್ಟೇ ಬಂದದ್ದು, ಜ್ವರ ಬಂದವರ ಕೈಯ ಹಾಗೆ ಬಿಸಿ, ಮೊದಲು ಹೆಬ್ಬೆರಳಿನ ಜಾಗ, ಜೇಡಿ ಹಿಡಿಯಬೇಕಾದರೆ ಬಲವಾಗಿ ಒತ್ತಬೇಕು, ಮೇಲುಮೇಲೆ ಮೆತ್ತಿದರೆ ಬಿಟ್ಟುಕೊಳ್ಳುತ್ತದೆ, ನಾನೇ ಅವಳಿಗೆ ಕಲಿಸಿದ್ದು, ಒತ್ತೇ, ನೋವಾಗಲ್ಲ ಅದಕ್ಕೆ, ಒತ್ತಿದೆ, ತೋರುಬೆರಳು, ನಡುಬೆರಳು, ಉಂಗುರಬೆರಳು, ಇದೋ ಕಿರುಬೆರಳು, ಇಲ್ಲಿ ಸ್ವಲ್ಪ ತಡೆದೆ, ಯಾರೂ ಅವಸರ ಮಾಡಲಿಲ್ಲ, ಗೆರೆರಾಯ ಹೊರಗೆ ಹೋಗಿದ್ದ, ಒತ್ತಿದೆ, ಆಮೇಲೆ ಅಂಗೈಯ ಬುಡ, ಅವಳ ಭಾರವೆಲ್ಲ ಊರಿದ ಜಾಗ, ಅದಕ್ಕೆ ನನ್ನ ಅಂಗೈಯ ಬುಡ ಇಟ್ಟು ನನ್ನ ಭಾರವೆಲ್ಲ ಹಾಕಿದೆ, ಬಿಸಿ ಇತ್ತು, ಬಿಸಿ ಇತ್ತು ಕಣೇ, ತಣಿಯುವ ತನಕ ಹಾಗೇ ನಿಂತಿದ್ದೆ. ಉಕ್ಕಿನ ಪಟ್ಟಿ ಹಿಡಿದು ಹೆರೆದೆ, ಸಿಪ್ಪೆ ಸುರುಳಿ ಸುರುಳಿಯಾಗಿ ಬಿತ್ತು, ಇನ್ನೊಮ್ಮೆ, ಅಡ್ಡಕ್ಕೆ ಒಮ್ಮೆ, ಪಟ್ಟಿ ಕೆಳಗಿಟ್ಟೆ, ಆಯ್ತಾ ಅಕ್ಕಾ, ಎಂದು ಕೇಳಿದವಳು ಗಾಳಿಯಮ್ಮ, ಅವಳು ಯಾವತ್ತೂ ನನ್ನನ್ನು ಅಕ್ಕ ಎಂದವಳಲ್ಲ, ನೋಡ್ತೀನಿ ಇರು, ಎಂದೆ, ಕಣ್ಣು ಮುಚ್ಚಿದೆ, ಹಿಂದಿನ ಬಾಗಿಲಿನ ಹತ್ತಿರ ಅಂಗೈ ಇಟ್ಟು ಮೆಲ್ಲಗೆ ಹಿಂದಕ್ಕೆ ತಂದೆ, ಗಾಜಿನ ಅಂಚು ದಾಟಿತು, ಭುಜ ಬಂತು, ಭುಜ ಹೋಯಿತು, ಡಿಕ್ಕಿಯ ತುದಿಯಿಂದ ಕೈ ಗಾಳಿಗೆ ಜಾರಿತು, ಕಸುಬು ಗೊತ್ತಿರುವ ಯಾರಾದರೂ ಭೇಷ್ ಎನ್ನುವ ಕೆಲಸ, ಇನ್ನೊಂದು ಸಲ ಬಾಗಿಲಿನಿಂದ ತಂದೆ, ಈ ಸಲ ಇನ್ನೂ ನಿಧಾನ, ಇನ್ನೂ ಒತ್ತಿ, ಇಲ್ಲೇ ಇರಬೇಕು, ಇಲ್ಲೇ, ಕೈ ಎಲ್ಲೂ ನಿಲ್ಲಲಿಲ್ಲ, ಮತ್ತೆ ತಂದೆ, ಎಲ್ಲೂ ನಿಲ್ಲಲಿಲ್ಲ